ಗೂಟ ಅವರದು, ನಾಮ ನಮ್ಮದು

"ಮಾವ, ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವಕ್ಕೆ ಬಂದಿದೀನಿ. ಡೇರೆ ಮೊದಲೇ ಹೊಡೆದಿಟ್ಟಿದ್ರು!"

"ಟಿಕೆಟ್ಟಿನಲ್ಲೇ ಸೇರಿತ್ತೇನೋ?"

"ಇಲ್ಲ, ಅದಕ್ಕೆ ಬೇರೆ ದುಡ್ಡು."

"ಹಾಸಿಗೆ, ದಿಂಬು?"

"ನಾವೇ ಹೊತ್ಕೊಂಡು ಬರಬೇಕು."

"ಮತ್ತೆ ದುಡ್ಡು ಯಾತಕ್ಕಯ್ಯಾ?"

"ಗೂಟ ಹೊಡೆಯೋ ಕಷ್ಟ ತಪ್ತಲ್ಲ!"

"ಗೂಟ ಅವರು ಹೊಡೆದ್ರು, ಪಂಗನಾಮ ನೀನು ಹಾಕಿಸ್ಕೊಂಡೆ."

"ಉತ್ಸವ ನಡೆಯೋ ಈ ಜಾಗ ಹೈನುಗಾರಿಕೆ ಫಾರ್ಮು ಮಾವ. 1970ರಲ್ಲಿ ಟಿಕೆಟ್ 1 ಪೌಂಡು, ಜೊತೆಗೆ ಹಾಲು ಪುಕ್ಕಟೆ."

"ಈಗ?"

"ಎರಡು ಲಕ್ಷ ಜನ. ಕೆಸರು ಮಾತ್ರ ಪುಕ್ಕಟೆ."

(ಫೋನಿನಲ್ಲಿ ಪಚಕ್ ಎಂಬ ಸದ್ದು. ಕಾಲು ಹೊರಬಂತು, ಬೂಟು ಅಲ್ಲೇ ಉಳಿಯಿತು.)

"ಹೋಗಲಿ, ಸಂಗೀತ ಹೇಗಿತ್ತು?"

"ಡೇರೆಯಿಂದ ಗುಡ್ಡ ಇಳಿದು ವೇದಿಕೆ ಮುಟ್ಟೋಷ್ಟರಲ್ಲಿ ಮಂಗಳ ಹಾಡಿ ಮುಗಿಸಿದ್ರು."

"ಮುಂದಿನ ಸಲವೂ ಹೋಗ್ತೀಯಾ?"

"ಖಂಡಿತ! ಡೇರೆ ಹೊಡೆದೇ ಇರುತ್ತಲ್ಲ."

ಅಂದ ಹಾಗೆ, 2026ರಲ್ಲಿ ಅಲ್ಲಿ ಉತ್ಸವವಿಲ್ಲ; ತುಳಿಸಿಕೊಂಡ ನೆಲಕ್ಕೆ ಆ ವರ್ಷ ಬಿಡುವು.