ಪರ್ಣಪರೀಕ್ಷಕರು

ರತ್ನವನ್ನು ಪರೀಕ್ಷಿಸಬಲ್ಲವರಿಗೆ ರಾಜಾಶ್ರಯವೂ, ನಾಣ್ಯವನ್ನು ಪರೀಕ್ಷಿಸಬಲ್ಲವರಿಗೆ ಸೆಟ್ಟಿಯ ಗದ್ದುಗೆಯ ಪಕ್ಕದಲ್ಲೊಂದು ಮಣೆಯೂ ದೊರೆಯುತ್ತಿದ್ದ ಕಾಲವೊಂದಿತ್ತು. ಆದರೆ ಕೊತ್ತಂಬರಿಯ ಕಟ್ಟನ್ನು ಪರೀಕ್ಷಿಸಬಲ್ಲವನಿಗೆ ಯಾವ ಪ್ರಭುವಾಗಲಿ ಉಂಬಳಿ ಬಿಟ್ಟುದನ್ನು ನಾನಂತೂ ಯಾವ ಶಾಸನದಲ್ಲಿಯೂ ಓದಿದವನಲ್ಲ. ಹೀಗೆ ಆಶ್ರಯವಿಲ್ಲದೆ, ಬಿರುದಿಲ್ಲದೆ, ಕೇವಲ ಲೋಕಹಿತಕ್ಕಾಗಿ ಆ ವಿದ್ಯೆಯನ್ನು ಉಳಿಸಿಕೊಂಡು ಬಂದಿರುವ ಮಹನೀಯರು ನಮ್ಮ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬೀದಿಗೊಬ್ಬರಂತೆ ಇಂದಿಗೂ ಇದ್ದಾರೆ. ಅವರನ್ನು ಪರ್ಣಪರೀಕ್ಷಕರೆಂದು ಕರೆಯುವುದು ಉಚಿತವೆಂದು ನನಗೆ ತೋರುತ್ತದೆ. ಸೊಪ್ಪು ಮಾರುವ ಹೆಂಗಸರು ಅವರನ್ನು ಕರೆಯುವ ಹೆಸರು ಬೇರೆಯುಂಟು; ಅದನ್ನು ಇಲ್ಲಿ ಬರೆಯುವುದು ಉಚಿತವಲ್ಲ.

ಪರ್ಣಪರೀಕ್ಷಕರು ಸಾಮಾನ್ಯವಾಗಿ ರೈಲ್ವೆಯಲ್ಲಿಯೋ ಶಾಲೆಯಲ್ಲಿಯೋ ಸರ್ಕಾರದ ಕಚೇರಿಯಲ್ಲಿಯೋ ಮೂರು ದಶಕಗಳ ಪರ್ಯಂತ ಇತರರ ಲೆಕ್ಕಪತ್ರಗಳಲ್ಲಿ ತಪ್ಪು ಹುಡುಕಿ, ನಿವೃತ್ತರಾದ ಮರುದಿನ ಬೆಳಿಗ್ಗೆ ಎದ್ದು ನೋಡಿದಾಗ ಹುಡುಕಲು ತಪ್ಪೇ ಇಲ್ಲದ ಶೂನ್ಯ ಪ್ರಪಂಚವೊಂದು ಎದುರಿಗೆ ನಿಂತಿದ್ದನ್ನು ಕಂಡು ಕಳವಳಗೊಂಡು, ಆ ಕಳವಳದ ಪರಿಹಾರಾರ್ಥವಾಗಿ ಸೊಪ್ಪಿನ ಬುಟ್ಟಿಯ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕುಳಿತವರು. ಅಡಿಗೆ ಅವರಿಗೆ ಬಾರದು. ಬೇಸಾಯವನ್ನು ಅವರು ರೈಲಿನ ಕಿಟಕಿಯಿಂದ ಮಾತ್ರ ಬಲ್ಲರು. ಕೈಯಲ್ಲಿ ಎರಡು ಚೀಲ: ಆಲೂಗಡ್ಡೆ, ಸಿಹಿಗುಂಬಳ ಮೊದಲಾದ ಸ್ಥೂಲ ಪದಾರ್ಥಗಳಿಗೊಂದು, ಸೊಪ್ಪಿನಂಥ ಸೂಕ್ಷ್ಮ ಪದಾರ್ಥಕ್ಕೊಂದು, ಎರಡನ್ನೂ ಬೆರಸುವವನು ಅವರ ದೃಷ್ಟಿಯಲ್ಲಿ ಸಂಸ್ಕಾರಹೀನ.

ಶರದೃತುವನ್ನು ಬಿಟ್ಟರೆ ವರ್ಷದ ಉಳಿದ ಕಾಲದಲ್ಲಿ ಈ ವಿದ್ಯೆಗೆ ಹೇಳಿಕೊಳ್ಳುವಂಥ ಅವಕಾಶವಿಲ್ಲ. ನಮ್ಮ ಊರಿನ ಬೇಸಿಗೆಯಲ್ಲಿ ಕೊತ್ತಂಬರಿಯ ಗಿಡವು ಗೇಣುದ್ದ ಬೆಳೆಯುವ ಮೊದಲೇ ಪ್ರಾಣಭಯದಿಂದ ಹೂಬಿಟ್ಟು ಕಾಳುಕಟ್ಟಲು ಆತುರಪಡುತ್ತದೆ. ಹೂಬಿಟ್ಟ ಮೇಲೆ ಎಲೆ ದಾರದಂತೆ ಸಣ್ಣಗಾಗಿ ಘಮವನ್ನೂ ಕಳೆದುಕೊಳ್ಳುತ್ತದೆಯಾದ್ದರಿಂದ, ಸಿಕ್ಕಿದ್ದನ್ನು ಕೊಂಡು ತರುವುದಲ್ಲದೆ ಪರೀಕ್ಷೆಗೆ ವಿಷಯವೇ ಇರುವುದಿಲ್ಲ. ಆಶ್ವಯುಜವು ಬಂದು ಬಿಸಿಲು ಸ್ವಲ್ಪ ದಾಕ್ಷಿಣ್ಯವನ್ನು ಕಲಿತು, ಊರ ಸುತ್ತಣ ಮಡಿಗಳಲ್ಲಿ ಮೆಂತ್ಯ, ಸಬ್ಬಸಿಗೆ, ರಾಜಗಿರಿ, ಹಕ್ಕರಕಿಗಳು ತಲೆಯೆತ್ತಿದಾಗಲೇ ಪರೀಕ್ಷಕರ ಋತು ಆರಂಭವಾಗತಕ್ಕದ್ದು. ಆದರೆ ದೈವಕ್ಕೂ ಈ ಊರಿನ ಸೊಪ್ಪಿಗೂ ಏನೋ ಹಳೆಯ ವ್ಯಾಜ್ಯವಿರಬೇಕು. ಸೆಪ್ಟೆಂಬರ್ 27ರ ಸುಮಾರಿಗೆ ಹಸ್ತೆ, ಅಕ್ಟೋಬರ್ 10ರ ಸುಮಾರಿಗೆ ಚಿತ್ತೆ, ಅದರ ಬೆನ್ನಿಗೆ ಸ್ವಾತಿ. ವರ್ಷವಿಡೀ ಮುಗಿಲು ನೋಡಿದರೂ ಹನಿಯದ ಮಳೆ, ಇಳಿದರೆ ಈ ಮೂರು ನಕ್ಷತ್ರಗಳಲ್ಲಿಯೇ ಇಳಿದು, ಕೊಯ್ಯಲು ಸಿದ್ಧವಾದ ಕೊತ್ತಂಬರಿಯನ್ನು ಎರಡು ದಿನದಲ್ಲಿ ಕೊಳೆಯಿಸಿಬಿಡುತ್ತದೆ. ಅದೇ ಹೊತ್ತಿನಲ್ಲಿ ನವರಾತ್ರಿ, ನವರಾತ್ರಿ ಮುಗಿದ ಐದಾರು ದಿನಕ್ಕೆ ಸೀಗಿ ಹುಣ್ಣಿಮೆ, ಅಲ್ಲಿಂದ ಹದಿನೈದನೆಯ ದಿನಕ್ಕೆ ದೀಪಾವಳಿಯ ಅಮಾವಾಸ್ಯೆ. ಬೇಡಿಕೆಯೂ ಅಭಾವವೂ ಹೀಗೆ ಒಂದೇ ಮುಹೂರ್ತದಲ್ಲಿ ಕೂಡಿ ಬಂದಾಗ ಕಟ್ಟು ಬೆರಳಿನ ಗಾತ್ರಕ್ಕಿಳಿಯುತ್ತದೆ, ಬೆಲೆ ಬಳ್ಳಾರಿ ಗುಡ್ಡವನ್ನೇರುತ್ತದೆ, ಪರೀಕ್ಷಕರ ಮುಖದಲ್ಲಿ ಕರ್ತವ್ಯಪ್ರಜ್ಞೆ ಬೆಳಗುತ್ತದೆ.

ಸೀಗಿ ಹುಣ್ಣಿಮೆಗೆ ಪುಂಡಿಯ ಪಲ್ಯವಿಲ್ಲದೆ ನಡೆಯದು. ಹೊಲವಿದ್ದವರು ಅಂದು ಕಡುಬು, ರೊಟ್ಟಿ, ಪಲ್ಯಗಳನ್ನು ಬುತ್ತಿ ಕಟ್ಟಿಕೊಂಡು ಹೋಗಿ, ತುಂಬು ಬಸುರಿಯಂತಿರುವ ಪೈರಿನ ಭೂಮಿಗೆ ಚರಗ ಚೆಲ್ಲಿ ಉಣ್ಣುತ್ತಾರೆ. ಹೊಲವಿಲ್ಲದ ಕೌಲ್ ಬಜಾರಿನವರು ಚರಗದ ವಿಧಿಯನ್ನು ಬಿಟ್ಟು ಊಟದ ವಿಧಿಯನ್ನು ಮಾತ್ರ ಶ್ರದ್ಧೆಯಿಂದ ಉಳಿಸಿಕೊಂಡಿದ್ದಾರೆ. ಜೋಳದ ನುಚ್ಚು ಹಾಕಿ ಕುದಿಸಿ, ಹಸಿಮೆಣಸಿನಕಾಯಿ ಕೂಡಿಸಿ, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟ ಪುಂಡಿಯ ಪಲ್ಯದ ಹುಳಿ ಅದರ ದಂಟಿನ ಬಣ್ಣದ ಮೇಲೆ ನಿಂತಿದೆ: ಕೆಂಪು ದಂಟಿನದು ತೀಕ್ಷ್ಣ, ಬಿಳಿಯ ದಂಟಿನದು ಸೌಮ್ಯ. ಕೆಂಪು ಬೇಕೆ ಬಿಳಿದು ಬೇಕೆ ಎಂಬ ಪ್ರಶ್ನೆಯ ಮೇಲೆ ಪರೀಕ್ಷಕರು ಒಂದು ಹುಣ್ಣಿಮೆಯ ಮುಂಜಾವನ್ನು ಪೂರ್ತಿಯಾಗಿ ವ್ಯಯಿಸಬಲ್ಲರು. ಕೊನೆಗೆ ಎರಡನ್ನೂ ತರುತ್ತಾರೆ. ಮನೆಯವರು ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ.

ಆದರೆ ಅವರ ಪ್ರತಿಭೆಯ ಪೂರ್ಣ ವಿಲಾಸವನ್ನು ನೋಡಬೇಕಾದರೆ ಕೊತ್ತಂಬರಿಯ ಬುಟ್ಟಿಯ ಬಳಿಗೇ ಹೋಗಬೇಕು. ಮೊದಲು ದರ್ಶನ: ಕಟ್ಟನ್ನು ಪೂರ್ವದಿಕ್ಕಿಗೆ ಹಿಡಿದು, ಸೂರ್ಯನ ಬೆಳಕಿನಲ್ಲಿ ಹಳದಿ ಎಲೆಗಳನ್ನೆಣಿಸುವುದು. ಬಳಿಕ ಸ್ಪರ್ಶ: ಬುಡದ ಬಾಳೆನಾರನ್ನು ಒತ್ತಿ ನೋಡಿ, ಒಳಗೆ ಹುಲ್ಲು ಸೇರಿಸಿ ಗಾತ್ರವನ್ನು ಹೆಚ್ಚಿಸಿರುವರೇ ಎಂದು ನಿರ್ಣಯಿಸುವುದು. ತರುವಾಯ ಶ್ರವಣ: ದಂಟೊಂದನ್ನು ಕಿವಿಯ ಹತ್ತಿರ ಮುರಿದು, ಅದು ಟಕ್ಕೆಂದರೆ ಎಳೆಯದು, ಸುಮ್ಮನೆ ಬಾಗಿದರೆ ಹಿಂದಿನ ದಿನದ್ದು ಎಂದು ತೀರ್ಪು ಕೊಡುವುದು. ಅಂತಿಮವಾಗಿ ಘ್ರಾಣ: ಎಲೆಯೊಂದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸಕಿ, ಕಣ್ಣು ಮುಚ್ಚಿ, ಪ್ರಾಣಾಯಾಮದ ಪೂರಕದಲ್ಲಿ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಉಸಿರೆಳೆದುಕೊಳ್ಳುವುದು. ಈ ನಾಲ್ಕು ಪ್ರಮಾಣಗಳಿಂದಲೂ ಪರೀಕ್ಷೆಗೊಳಗಾದ ಕಟ್ಟು ಆಮೇಲೆ ಇನ್ನೊಬ್ಬರಿಗೆ ಮಾರುವ ಸ್ಥಿತಿಯಲ್ಲಿ ಉಳಿಯುವುದಿಲ್ಲವೆಂಬುದು ನಿಜ. ಪರೀಕ್ಷಕರು ಅದನ್ನು ಬುಟ್ಟಿಗೆ ಹಿಂದಿರುಗಿಸಿ ಎರಡನೆಯದನ್ನು ಕೈಗೆತ್ತಿಕೊಳ್ಳುತ್ತಾರೆ.

“ಇದು ನಿನ್ನೆಯದಲ್ಲವೇನಮ್ಮ?”

“ಯಪ್ಪಾ, ನಸುಕಿನಾಗ ಕಿತ್ತು ತಂದೀನಿ. ಬೇರಿನ ಮಣ್ಣು ಸೈತ ಒಣಗಿಲ್ಲ, ನೋಡ್ರಿ.”

“ಒಣಗಿಲ್ಲವೆಂದರೆ ನೀನು ನೀರು ಚಿಮುಕಿಸಿದ್ದೀ. ನೀರು ಬಿದ್ದದ್ದು ಸಂಜೆಯೊಳಗೆ ಕೊಳೆಯುತ್ತದೆ.”

“ಹಂಗಾರ ಇದನ್ನ ತಗೊಳ್ರಿ, ಇದಕ್ಕ ನೀರ್ ಹಾಕಿಲ್ಲ.”

“ಒಣಗಿದೆಯಲ್ಲ! ನಾನು ಹೇಳಲಿಲ್ಲವೆ, ನಿನ್ನೆಯದೆಂದು?”

ಈ ತರ್ಕದಲ್ಲಿ ಸಿಕ್ಕಿದ ಕೊತ್ತಂಬರಿಗೆ ಯಾವ ದಿಕ್ಕಿನಲ್ಲಿಯೂ ಬಿಡುಗಡೆಯಿಲ್ಲ.

ಇಂಥವರ ಪರಂಪರೆ ನಿನ್ನೆ ಮೊನ್ನೆಯದಾಗಿರಲಾರದೆಂದು ನನಗೆ ಅನುಮಾನ. ಇಲ್ಲಿಂದ ಪಡುವಣಕ್ಕೆ ಅರವತ್ತು ಕಿಲೋಮೀಟರಿನಷ್ಟು ಹೋದರೆ ಹಂಪೆ. 1520ರ ಸುಮಾರಿಗೆ ಅಲ್ಲಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಎಂಬವನ ವೃತ್ತಾಂತವನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ್ದಾನೆ. ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳನ್ನು ಮಾರುತ್ತಿದ್ದ ಬೀದಿಯಲ್ಲಿಯೇ ಪ್ರತಿ ಸಂಜೆ ಸಂತೆ ನೆರೆದು, ಕುದುರೆ ತಟ್ಟುಗಳ ಜೊತೆಗೆ ನಿಂಬೆ, ಕಿತ್ತಳೆ, ದ್ರಾಕ್ಷಿ ಮುಂತಾಗಿ ತೋಟದಲ್ಲಿ ಬೆಳೆಯುವುದೆಲ್ಲವೂ ಮಾರಾಟವಾಗುತ್ತಿತ್ತೆಂದು ಆತ ಬರೆದಿದ್ದಾನೆ. ಪಚ್ಚೆಯ ಅಂಗಡಿಯನ್ನು ತಿರುಗಿಯೂ ನೋಡದೆ ನೇರವಾಗಿ ಸೊಪ್ಪಿನವಳ ಎದುರಿಗೆ ಹೋಗಿ ಕುಳಿತು, “ಇದು ನಿನ್ನೆಯದಲ್ಲವೇನಮ್ಮ” ಎಂದು ಕೇಳಿದ ಒಬ್ಬ ವೃದ್ಧನನ್ನು ಪಾಯೆಸ್ ನೋಡದೆ ಹೋದದ್ದು ಚರಿತ್ರೆಗಾದ ನಷ್ಟ.

ಕೊತ್ತಂಬರಿಯ ನಿರ್ಣಯವಾದ ಬಳಿಕ ಕೊಸರಿನ ಪ್ರಕರಣ. ಕರಿಬೇವೆಂಬುದು ಹಣ ಕೊಟ್ಟು ಕೊಳ್ಳತಕ್ಕ ವಸ್ತುವೆಂಬ ವಾದವನ್ನು ಪರ್ಣಪರೀಕ್ಷಕರು ತಾತ್ತ್ವಿಕವಾಗಿಯೇ ಒಪ್ಪುವುದಿಲ್ಲ. ಗಾಳಿ, ನೀರು, ಬೆಳುದಿಂಗಳುಗಳಂತೆ ಅದು ಸೃಷ್ಟಿಯ ಕೊಡುಗೆ. ಕೊತ್ತಂಬರಿಯನ್ನು ಕೊಂಡವನ ಜನ್ಮಸಿದ್ಧ ಹಕ್ಕು. “ಹಬ್ಬದ ದಿನ ಕರಿಬೇವಿಗೂ ರೊಕ್ಕ ಕೊಟ್ಟೇ ತಂದೀನ್ರಿ” ಎಂದು ಸೊಪ್ಪಿನಾಕೆ ಎಷ್ಟು ದೈನ್ಯದಿಂದ ಹೇಳಿದರೂ ಅವರ ಕೈ ಆಗಲೇ ಒಂದು ಟಿಸಿಲನ್ನು ಹಿಡಿದಿರುತ್ತದೆ. ಅದೂ ಯಾವುದಾದರೊಂದು ಟಿಸಿಲಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಘಮ ಹೆಚ್ಚಿರುವ ಸುವಾಸಿನಿ ಎಂಬ ಕರಿಬೇವಿನ ತಳಿಯೊಂದನ್ನು ಬೆಳಕಿಗೆ ತಂದಿದ್ದಾರೆಂದು ಪತ್ರಿಕೆಯಲ್ಲಿ ಓದಿಕೊಂಡಿದ್ದ ನಮ್ಮ ಬೀದಿಯ ಪರೀಕ್ಷಕರು, ನವರಾತ್ರಿಯ ಒಂದು ಬೆಳಿಗ್ಗೆ ಟಿಸಿಲನ್ನು ಮೂಗಿಗೆ ಹಿಡಿದು, ಗಂಭೀರವಾಗಿ “ಸುವಾಸಿನಿಯೇನಮ್ಮ?” ಎಂದು ವಿಚಾರಿಸಿದರು. ಆಕೆ ಸೆರಗನ್ನು ಸರಿಪಡಿಸಿಕೊಂಡು, “ಹೂಂನ್ರಿ, ದೇವರ ದಯದಿಂದ ಮನೆಯವ್ರು ಗಟ್ಟಿಮುಟ್ಟಾಗಿ ಅದಾರ್ರಿ, ಉಡಿ ತುಂಬಾಕ ಎಷ್ಟು ಹೊತ್ತಿಗೆ ಬರ್ಲಿ?” ಎಂದಳು. ಆಡಿದ ಮಾತು ಹಬ್ಬದ ದಿನದ್ದು, ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ. ಆ ವರ್ಷ ಅವರು ಪಡೆದ ಕೊಸರಿಗೆ ಪ್ರತಿಯಾಗಿ ಮನೆಯಲ್ಲಿ ಒಂದು ಕುಪ್ಪಸದ ಕಣ, ಕೊಬ್ಬರಿ ಬಟ್ಟಲು, ಐದು ಎಲೆಯಡಿಕೆ ಹೋದುವೆಂದು ಅವರ ಪತ್ನಿಯವರು ಇಂದಿಗೂ ಲೆಕ್ಕ ಹೇಳುತ್ತಾರೆ.

ಸೊಪ್ಪು ಮಾರುವ ಈ ಹೆಂಗಸು ಕೇವಲ ಸೊಪ್ಪನ್ನು ಬಲ್ಲವಳಲ್ಲ, ಸೊಪ್ಪು ಕೊಳ್ಳುವವರನ್ನೂ ಬಲ್ಲವಳು. ತನ್ನ ಬುಟ್ಟಿಯ ಹಿಂದೆ ಒದ್ದೆಯಾದ ಗೋಣಿತಾಟೊಂದನ್ನು ಆಕೆ ಹಾಸಿಟ್ಟಿರುತ್ತಾಳೆ. ಪರೀಕ್ಷಕರು ಎದುರಿನ ರಾಶಿಯಲ್ಲಿ ಒಂದೊಂದನ್ನೇ ಖಂಡಿಸುತ್ತ ಬಂದಂತೆ, ಆಕೆ ಖಂಡಿತವಾದ ಕಟ್ಟುಗಳಲ್ಲೊಂದನ್ನು ಮೆಲ್ಲನೆ ಆ ತಾಟಿನಡಿಗೆ ಸರಿಸಿ, ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಸುತ್ತಣವರಿಗೆ ಕೇಳಿಸಬಾರದೆಂಬ ತಗ್ಗಿದ ದನಿಯಲ್ಲಿ, “ನಿಮಗಂತ ಒಂದು ತೆಗೆದಿಟ್ಟೀನಿ, ಯಾರ ಮುಂದೂ ಹೇಳಬ್ಯಾಡ್ರಿ” ಎಂದು ಅದನ್ನೇ ಹೊರತೆಗೆಯುತ್ತಾಳೆ. ಪರೀಕ್ಷಕರು ಈ ಸಾರಿ ಬೆಳಕಿಗೆ ಹಿಡಿಯುವುದಿಲ್ಲ, ದಂಟು ಮುರಿಯುವುದಿಲ್ಲ. ಒಮ್ಮೆ ಮೂಸಿ, “ಇದಕ್ಕೆ ಕೊತ್ತಂಬರಿ ಎನ್ನಬೇಕು” ಎಂದು ಕೇಳಿದ ಬೆಲೆಯನ್ನು ಕೊಟ್ಟು ಏಳುತ್ತಾರೆ. ಗೋಣಿತಾಟಿನ ಕೆಳಗೆ ಹೋಗಿ ಬಂದ ಮಾತ್ರಕ್ಕೆ ಸೊಪ್ಪಿನಲ್ಲಿ ಆಗುವ ಈ ಪರಿವರ್ತನೆಗೆ ಸಸ್ಯಶಾಸ್ತ್ರದಲ್ಲಿ ವಿವರಣೆ ಇದ್ದಂತಿಲ್ಲ.

ಕೌಲ್ ಬಜಾರು ಕಂಪನಿ ಸರ್ಕಾರದ ದಂಡಿನ ನೆರಳಿನಲ್ಲಿ ಬೆಳೆದ ಪೇಟೆಯಾದುದರಿಂದ ಇಲ್ಲಿ ಕನ್ನಡ, ತೆಲುಗು, ಉರ್ದುಗಳು ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತವೆ. ಆದ್ದರಿಂದ ಪರ್ಣಪರೀಕ್ಷೆಯಲ್ಲಿಯೂ ಒಂದಕ್ಕಿಂತ ಹೆಚ್ಚು ಸಂಪ್ರದಾಯಗಳಿರುವುದು ಸಹಜ. ನಮ್ಮ ಬೀದಿಯ ಪರೀಕ್ಷಕರಾದ ರಾಯರಿಗೆ ಸರಿಜೋಡಿಯಾಗಿ ಮುಂದಿನ ಗಲ್ಲಿಯಲ್ಲಿ ಸಾಹೇಬರೊಬ್ಬರುಂಟು. ಅವರ ಅಧಿಕಾರ ಪುದೀನದ ಮೇಲೆ. ಬಿರಿಯಾನಿಗೆ ಪುದೀನ ಎಷ್ಟು, ಕೊತ್ತಂಬರಿ ಎಷ್ಟು ಎಂಬ ಪ್ರಶ್ನೆಯಲ್ಲಿ ಅವರ ಮಾತೇ ಅಂತಿಮವೆಂದು ಅವರ ನಂಬಿಕೆ. ದಂಟು ಬಲಿತ ಪುದೀನವನ್ನು ಬಿರಿಯಾನಿಗೆ ಹಾಕುವುದಕ್ಕಿಂತ ಅದನ್ನು ಕುಂಡದಲ್ಲಿ ನೆಟ್ಟು ಚಿಗುರಿಗಾಗಿ ಕಾಯುವುದು ಮೇಲೆಂದು ಅವರು ಮದುವೆಮನೆಯ ಬಾಣಸಿಗರಿಗೇ ಉಪದೇಶಿಸಿದವರು. ರಾಯರೂ ಸಾಹೇಬರೂ ಒಂದೇ ಬುಟ್ಟಿಯ ಎರಡು ಪಕ್ಕದಲ್ಲಿ ಕುಳಿತಾಗ ಸುತ್ತ ಜನ ಸೇರುವುದುಂಟು. ಪುದೀನಕ್ಕೆ ಘಮವಿದೆ, ಗಾಂಭೀರ್ಯವಿಲ್ಲವೆಂದು ರಾಯರು. ಕೊತ್ತಂಬರಿಗೆ ಗಾಂಭೀರ್ಯವಿದ್ದರೆ ಅದನ್ನು ಎಲ್ಲ ಸಾರಿನ ಮೇಲೂ ಉದುರಿಸುವರೇಕೆಂದು ಸಾಹೇಬರು. ಇಬ್ಬರೂ ಏಕಮತರಾಗುವುದು ಒಂದೇ ವಿಷಯದಲ್ಲಿ: ಈ ಬೆಲೆ ಅನ್ಯಾಯ. ವಿಜಯದಶಮಿಯ ಸಂಜೆ ಸಾಹೇಬರಿಗೆ ಬನ್ನಿಯ ಎಲೆಯನ್ನು ಕೊಟ್ಟು ಬಂಗಾರದಂತಿರೋಣವೆಂದು ಕೈ ಹಿಡಿದ ರಾಯರು, ಪ್ರತಿಯಾಗಿ ಸಾಹೇಬರು ಕೊಟ್ಟ ಬನ್ನಿಯನ್ನು ಅಭ್ಯಾಸಬಲದಿಂದ ತಿರುಗಿಸಿ ನೋಡಿ, “ಮಧ್ಯಾಹ್ನ ಕಿತ್ತದ್ದು” ಎಂದದ್ದು ಆ ಸ್ನೇಹದ ಗಟ್ಟಿತನಕ್ಕೆ ಸಾಕ್ಷಿ. ಸಾಹೇಬರು ಅದನ್ನು ಅಲ್ಲಗಳೆಯಲಿಲ್ಲ.

ಇಷ್ಟು ಸಾಹಸದಿಂದ ಸಂಪಾದಿಸಿದ ಸೊಪ್ಪು ಮನೆ ತಲಪುವುದು ಯಾವಾಗ? ಅಲ್ಲಿಯೇ ಇರುವುದು ದುರಂತ. ಬುಟ್ಟಿಯಿಂದ ಮನೆಗೆ ಇರುವ ದಾರಿಯಲ್ಲಿ ಪರಿಚಿತರು ಸಿಗುತ್ತಾರೆ. ಸಿಕ್ಕವರಿಗೆಲ್ಲ ಚೀಲ ತೆರೆದು ತೋರಿಸಿ, ಬೆಲೆ ಎಷ್ಟಿರಬಹುದೆಂದು ಊಹಿಸಲು ಹೇಳಿ, ಅವರು ಹೇಳಿದ್ದು ಹೆಚ್ಚಾದರೆ ಸಂತೋಷಪಟ್ಟು, ಕಡಿಮೆಯಾದರೆ ಅವರ ಅಜ್ಞಾನವನ್ನು ತಿದ್ದಿ ಮುಂದುವರಿಯಬೇಕಾಗುತ್ತದೆ. ಬಳ್ಳಾರಿಯ ಬಿಸಿಲು ಶರದೃತುವಿನಲ್ಲಿ ದಾಕ್ಷಿಣ್ಯ ಕಲಿಯುವುದೆಂದು ಮೇಲೆ ಹೇಳಿದೆನಷ್ಟೆ. ಹತ್ತು ಗಂಟೆಯ ಮೇಲೆ ಅದು ಕಲಿತದ್ದನ್ನು ಮರೆಯುತ್ತದೆ. ಮನೆಯಲ್ಲಿ ಚೀಲ ಬಿಚ್ಚಿದಾಗ ಕೊತ್ತಂಬರಿ ತಲೆ ತಗ್ಗಿಸಿರುತ್ತದೆ. ಪತ್ನಿಯವರು ಏನೂ ಹೇಳದೆ ಬೇರನ್ನು ಲೋಟದ ನೀರಿನಲ್ಲಿಳಿಸಿ, ಮೇಲೊಂದು ಒದ್ದೆ ಬಟ್ಟೆ ಹೊದಿಸುತ್ತಾರೆ. ಅರ್ಧ ಗಂಟೆಯಲ್ಲಿ ಅದು ಚೇತರಿಸಿಕೊಂಡಾಗ, “ನಾನು ಆರಿಸಿದ್ದು ನೋಡು” ಎಂಬ ಘೋಷಣೆ ನಡುಮನೆಯಿಂದ ಕೇಳಿಬರುತ್ತದೆ.

ದೀಪಾವಳಿಯ ಊಟಕ್ಕೆ ಎಲೆ ಹಾಕಿದಾಗ ನಾನೊಮ್ಮೆ ಅವರ ಪಂಕ್ತಿಯಲ್ಲಿಯೇ ಇದ್ದೆ. ಚಿತ್ರಾನ್ನ ಬಡಿಸಿದರು. ರಾಯರು ಮೊದಲು ಕಣ್ಣುಮುಚ್ಚಿ ಪರಿಮಳವನ್ನು ಆಘ್ರಾಣಿಸಿ, ಒಗ್ಗರಣೆ ಸಾರ್ಥಕವಾಯಿತೆಂದು ತಲೆದೂಗಿ, ಆಮೇಲೆ ಅತ್ಯಂತ ಏಕಾಗ್ರತೆಯಿಂದ ಕರಿಬೇವಿನ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ಬಾಳೆಯೆಲೆಯ ಅಂಚಿಗೆ ಸಾಲಾಗಿ ಜೋಡಿಸಿದರು. ಕೊತ್ತಂಬರಿಯ ದಂಟುಗಳು ಅದರ ಪಕ್ಕಕ್ಕೆ ಬಂದುವು. ತಿನ್ನುವುದಿಲ್ಲವೆ ಎಂದು ನಾನು ಕೇಳಿದೆ. “ಛೆ, ಬಾಯಿಗೆ ಅಡ್ಡ ಬರುತ್ತದೆ” ಎಂದರು.

ಡಿಸೆಂಬರಿನಲ್ಲಿ ಒಂದು ಸಂಗತಿ ನಡೆಯಿತು. ರಾಯರ ಪಕ್ಕದ ಮನೆಯ ಕ್ರೈಸ್ತ ಕುಟುಂಬದವರು ಕ್ರಿಸ್‌ಮಸ್ಸಿನ ಬಿರಿಯಾನಿಗೆ ಪುದೀನ, ಕೊತ್ತಂಬರಿ ತರುವುದಕ್ಕೆ ರಾಯರನ್ನೇ ಕೇಳಿಕೊಳ್ಳಬೇಕೆಂದಿದ್ದರು. ಅಂದು ಅವರಿಗೆ ನೆಗಡಿ, ಮೂಗು ಕಟ್ಟಿತ್ತು. ಮೂಗಿಲ್ಲದೆ ವೃತ್ತಿಗಿಳಿಯುವವರಲ್ಲ ರಾಯರು. ಹೀಗಾಗಿ ಆ ಮನೆಯ ಎಂಟು ವರ್ಷದ ಹುಡುಗ ಸೈಕಲ್ಲಿನ ಮೇಲೆ ಹೋಗಿ, ಯಾವ ಕಟ್ಟನ್ನೂ ಮುಟ್ಟದೆ, “ಅಜ್ಜೀ, ಮಮ್ಮಿ ಸೊಪ್ಪು ಕೇಳಿದಳು” ಎಂದು ದುಡ್ಡು ಮುಂದೆ ಹಿಡಿದು, ಐದು ನಿಮಿಷದಲ್ಲಿ ಹಿಂತಿರುಗಿದ. ಕೊಟ್ಟದ್ದು ರಾಯರು ಕೊಡುವುದಕ್ಕಿಂತ ಕಡಿಮೆ. ತಂದದ್ದು ಮುಷ್ಟಿಗೆ ನಿಲುಕದ ದಪ್ಪ ಕಟ್ಟು. ಮೇಲೆ ಕೇಳದೆಯೇ ಸಿಕ್ಕ ಎರಡು ಟಿಸಿಲು ಕರಿಬೇವು. ರಾಯರು ಜಗುಲಿಯಿಂದಲೇ ಹುಡುಗನನ್ನು ಕರೆದು, ಕಟ್ಟನ್ನು ಬೆಳಕಿಗೆ ಹಿಡಿದರು, ನಾರನ್ನು ಒತ್ತಿದರು, ದಂಟು ಮುರಿದು ಕಿವಿಗೆ ಹಿಡಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಕ್ಕೆ ತಿರುಗಿ ಹೆಂಡತಿಯನ್ನು ಕೂಗಿ ಹೇಳಿದರು:

“ನೋಡಿದೆಯಾ, ನಾನು ಇವತ್ತು ಬರಲಿಲ್ಲವೆಂದು ಆ ಹೆಂಗಸು ನನಗಾಗಿ ತೆಗೆದಿಟ್ಟದ್ದನ್ನು ಈ ಹುಡುಗನಿಗೆ ಕೊಟ್ಟುಬಿಟ್ಟಿದ್ದಾಳೆ!”