ಬೆವರಿಲ್ಲದ ಚಾರಣ

ಎಸ್ಟೋನಿಯಾದ ಅತಿ ಎತ್ತರದ ಬೆಟ್ಟ ಸೂರ್ ಮುನಾಮ್ಯಾಗಿ. ಎತ್ತರ 318 ಮೀಟರ್. ನಮ್ಮ ತೀರ್ಥಹಳ್ಳಿಯ ಬಸ್ ಸ್ಟ್ಯಾಂಡೇ ಇದಕ್ಕಿಂತ ಎತ್ತರದಲ್ಲಿದೆ. ಇಷ್ಟು ಸಾಲದೆಂದು ಅವರಿಗೂ ಅನಿಸಿರಬೇಕು, 1939ರಲ್ಲಿ ಬೆಟ್ಟದ ನೆತ್ತಿಯ ಮೇಲೊಂದು ಗೋಪುರ ಕಟ್ಟಿದರು. ಇಂಥ ದೇಶದಲ್ಲಿ ಕೆಲಸಕ್ಕಿರುವ ಮಗಳು, "ಅಪ್ಪಯ್ಯ, ಭಾನುವಾರ ಹೈಕಿಂಗ್ ಹೋಗುವ, ಮೇಲಿಂದ ವ್ಯೂ ಭಾರಿ ಚಂದ ಇರ್ತದೆ" ಅಂದರೆ, "ಯಾವುದರ ಮೇಲಿಂದ?" ಎಂದು ಯಾರಾದರೂ ಕೇಳಿಯಾರು.

ಜೌಗಿನ ಮೇಲಿಂದ ಅಂತೆ. ಟಾಲಿನ್‌ನಿಂದ ಕಾರಿನಲ್ಲಿ ಒಂದು ಗಂಟೆಯೊಳಗೆ ಲಹೆಮಾ ರಾಷ್ಟ್ರೀಯ ಉದ್ಯಾನ. 1971ರಲ್ಲಿ ಆದದ್ದು, ಆಗಿನ ಸೋವಿಯತ್ ಒಕ್ಕೂಟಕ್ಕೇ ಮೊಟ್ಟಮೊದಲನೆಯದು. ಅದರೊಳಗೆ ವಿರು ಎಂಬ ಜೌಗು, ಜೌಗಿನ ನಡುವೆ ಹಲಗೆಯ ದಾರಿ, ದಾರಿಯ ನಡುವೆ ಒಂದು ವೀಕ್ಷಣಾ ಗೋಪುರ.

ಮಲೆನಾಡಿನವನಿಗೆ ಹುದುಲು ಎಂದರೆ ಕಾಲಿಡಬಾರದ ಜಾಗ. ಎಮ್ಮೆ ಹೂತುಕೊಂಡರೆ ಹಗ್ಗ ಹಿಡಿದು ಊರೆಲ್ಲ ಸೇರುವ ಜಾಗ. ಅಲ್ಲಿಗೆ ಬೇಕೆಂದೇ ಪೆಟ್ರೋಲ್ ಸುಟ್ಟುಕೊಂಡು ಹೋಗುವುದು ನನಗೆ ಹೊಸದು. ಯಾವುದಕ್ಕೂ ಇರಲಿ ಎಂದು ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಉಂಬಳಕ್ಕೆಂದು ಒಂದು ಪೊಟ್ಟಣ ಉಪ್ಪು ಜೇಬಿಗೆ ಹಾಕಿಕೊಂಡೆ. ನನ್ನಾಕೆ ಸೀರೆಯ ಮೇಲೆ ಮಗಳ ಜಾಕೆಟ್ ತೊಟ್ಟು, ಸ್ಪೋರ್ಟ್ಸ್ ಶೂ ಹಾಕಿ, ದೇವಸ್ಥಾನದ ಪ್ರಾಕಾರ ಸುತ್ತುವ ವೇಗದಲ್ಲಿ ಮುಂದೆ ಹೋದಳು. ಏರಿಲ್ಲ, ಇಳಿಜಾರಿಲ್ಲ, ಮೂರೂವರೆ ಕಿಲೋಮೀಟರೂ ಹಲಗೆಯಷ್ಟೇ ಮಟ್ಟಸ. ತಳ್ಳುಗಾಡಿಯಲ್ಲಿ ಮಲಗಿದ ಕೂಸೊಂದು ನಮ್ಮನ್ನು ಹಿಂದೆ ಹಾಕಿತು. ಕವಲೇದುರ್ಗ ಹತ್ತಿ ಏದುಸಿರು ಬಿಟ್ಟವನಿಗೆ ಇದು ಚಾರಣ ಎಂದು ಒಪ್ಪಿಕೊಳ್ಳಲು ಸ್ವಲ್ಪ ಅವಮಾನವೇ. ಉಂಬಳವೂ ಇರಲಿಲ್ಲ. ಕಚ್ಚಿಸಿಕೊಳ್ಳದೆ ಕಾಡಿನಿಂದ ಬಂದರೆ ಊರಲ್ಲಿ ಹೇಳಿಕೊಳ್ಳುವುದೇನು?

ಆದರೆ ಹಲಗೆಯ ಪಕ್ಕಕ್ಕೆ ಬಗ್ಗಿದರೆ ಸಂಗತಿಯೇ ಬೇರೆ. ಕೆಳಗಿರುವುದು ನೆಲವಲ್ಲ, ಸ್ಫಾಗ್ನಮ್ ಎಂಬ ಪಾಚಿ. ಬೇರೇ ಇಲ್ಲದ ಈ ಗಿಡ ತನ್ನ ಒಣತೂಕದ ಇಪ್ಪತ್ತು ಪಟ್ಟು ನೀರು ಹೀರಿಕೊಂಡು ಕೂತಿರುತ್ತದೆ. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಾಲದೆ ಸೈನಿಕರ ಗಾಯಕ್ಕೆ ಇದನ್ನೇ ಕಟ್ಟುತ್ತಿದ್ದರು. ಮೇಲೆ ಬೆಳೆಯುತ್ತ ಹೋಗುತ್ತದೆ, ಕೆಳಗೆ ಸಾಯುತ್ತ ಹೋಗುತ್ತದೆ. ಸತ್ತದ್ದು ಪೂರ್ತಿ ಕೊಳೆಯದೆ ಪೀಟ್ ಆಗಿ ಪೇರುತ್ತದೆ, ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದು ಮೀಟರ್ ಆಗಲು ಸಾವಿರ ವರ್ಷ. ನಮ್ಮೂರ ಸೇತುವೆಯ ಕಾಮಗಾರಿ ನೋಡಿದವನಿಗೆ ಈ ಲೆಕ್ಕ ಅಷ್ಟೇನೂ ದೊಡ್ಡದೆನಿಸಲಿಲ್ಲ.

ನನ್ನಾಕೆ ಮಾತ್ರ ನಿಂತುಬಿಟ್ಟಳು. "ಇದು ನಮ್ಮ ನರ್ಸರಿಯವ ಆರ್ಕಿಡ್‌ಗೆ ಅಂತ ಹಿಡಿ ಹಿಡಿ ಮಾರುವ ಪಾಚಿ ಅಲ್ವನ್ರೀ?" ಕಣ್ಣು ಹಾಯುವಷ್ಟು ದೂರವೂ ಅದೇ. ಚಿನ್ನದಂಗಡಿಯ ಗಾಜಿನಾಚೆ ನಿಂತಾಗಲೂ ಅವಳ ಮುಖದಲ್ಲಿ ಇಂಥ ಸಂಕಟ ನಾನು ಕಂಡಿಲ್ಲ. ಇಲ್ಲಿಂದ ಕೀಳುವ ಹಾಗಿಲ್ಲ ಎಂದು ಮಗಳು ಮೊದಲೇ ಎಚ್ಚರಿಸಿದಳು, ತಾಯಿಯನ್ನು ಬಲ್ಲವಳು.

ಮಳೆಯ ನೀರು ಬಿಟ್ಟರೆ ಈ ಜೌಗಿಗೆ ಬೇರೆ ಅನ್ನವಿಲ್ಲ. ಹಾಗಾಗಿ ಇಲ್ಲಿಯ ಪೈನ್ ಮರಗಳು ನೂರು ದಾಟಿದರೂ ನನ್ನ ಎತ್ತರಕ್ಕೆ ಬಂದು ಸುಸ್ತಾಗುತ್ತವೆ. ಡ್ರೊಸೆರಾ ಎಂಬ ಪುಟ್ಟ ಗಿಡ ಸಸ್ಯಾಹಾರ ಸಾಲದೆಂದು ಅಂಟು ಹನಿ ತೋರಿಸಿ ಹುಳು ಹಿಡಿದು ತಿನ್ನುತ್ತದೆ. ಇದರ ದಾಯಾದಿಗಳು ನಮ್ಮ ಪಶ್ಚಿಮಘಟ್ಟದಲ್ಲೂ ಇದ್ದಾರೆ. ನಡುನಡುವೆ ಹೊಂಡಗಳು, ನೀರು ಅಪ್ಪಟ ಕಾಫಿ ಡಿಕಾಕ್ಷನ್ ಬಣ್ಣ. ಇಂಥದೇ ಡೆನ್ಮಾರ್ಕಿನ ಜೌಗೊಂದರಲ್ಲಿ 1950ರಲ್ಲಿ ಪೀಟ್ ಅಗೆಯುವವರಿಗೆ ಹೆಣ ಸಿಕ್ಕಿತಂತೆ. ಕೊರಳಲ್ಲಿ ಹಗ್ಗ, ಗಲ್ಲದ ಮೇಲೆ ಕುರುಚಲು ಗಡ್ಡ. ಈಚಿನ ಕೊಲೆಯೆಂದು ಪೊಲೀಸರಿಗೆ ಹೇಳಿಕಳಿಸಿದರು. ನೋಡಿದರೆ ಆತ ಸತ್ತು ಎರಡು ಸಾವಿರ ವರ್ಷದ ಮೇಲಾಗಿತ್ತು. ಮಗಳು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬರು, ಸೆಪ್ಟೆಂಬರಿನ ಆ ಚಳಿಯಲ್ಲಿ, ಅಂಥ ಹೊಂಡಕ್ಕೇ ಮೆಲ್ಲಗೆ ಇಳಿದು ಈಜತೊಡಗಿದರು. ನಾನು ಮಫ್ಲರ್ ಇನ್ನೊಂದು ಸುತ್ತು ಬಿಗಿದೆ.

ಗೋಪುರ ಬಂತು. ಕೊನೆಗೂ ಹತ್ತಲಿಕ್ಕೆ ಒಂದಿಷ್ಟು ಮೆಟ್ಟಿಲು! ನಮ್ಮ ಕಡೆ ವ್ಯೂ ಪಾಯಿಂಟ್ ಎಂದರೆ ಪ್ರಪಾತ ಬೇಕು, ಸುಟ್ಟ ಜೋಳ ಬೇಕು, ಜೋಳ ಕಸಿಯಲು ಮಂಗ ಬೇಕು. ಆಗುಂಬೆಗೆ ಸೂರ್ಯಾಸ್ತ ನೋಡಲು ಹೋದವರಲ್ಲಿ ಮೋಡ ಕಂಡು ಬಂದವರೇ ಜಾಸ್ತಿ, ಆದರೂ ಜೋಳ ತಿಂದ ತೃಪ್ತಿ ಇರುತ್ತದೆ. ಇಲ್ಲಿ ಮಂಗನೂ ಇಲ್ಲ, ಮರೆಮಾಡುವ ಮೋಡವೂ ಇಲ್ಲ. ಕೆಂಪು, ಕಂದು, ಹಳದಿ ಪಾಚಿ, ಅದರಲ್ಲಿ ಲೆಕ್ಕ ತಪ್ಪುವಷ್ಟು ಹೊಂಡಗಳು, ಅಂಚಿಗೆ ಸ್ಪ್ರೂಸ್ ಕಾಡಿನ ಕಪ್ಪು ಗೆರೆ. ಒಂದು ಮಗ್ಗುಲಲ್ಲಿ ಸೋವಿಯತ್ ಕಾಲದಲ್ಲಿ ಪೀಟ್ ಬಗೆದ ಜಾಗ, ಇನ್ನೂ ಮೈತುಂಬಿಕೊಂಡಿಲ್ಲ. ವರ್ಷಕ್ಕೊಂದು ಮಿಲಿಮೀಟರಿನವರ ಹತ್ತಿರ ಅವಸರ ಮಾಡುವುದು ಹೇಗೆ? ಮೇಲೆ ಹತ್ತಾರು ಜನರಿದ್ದರೂ ಮಾತಿಲ್ಲ. "ಎಂತ ಮಾರಾಯ್ರೆ, ಇವರೆಲ್ಲ ಜಗಳ ಆಡಿಕೊಂಡು ಬಂದಿದಾರಾ?" ಎಂದು ನನ್ನಾಕೆ ಪಿಸುಗುಟ್ಟಿದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತು. ಅರ್ಥವಾಗಲಿಲ್ಲ, ಪುಣ್ಯ.

ಇಳಿದು ಹೊರಟಾಗ ಹಲಗೆಯ ಅಂಚಿನ ಪಾಚಿಯಲ್ಲಿ ಕೆಂಪು ಕ್ರ್ಯಾನ್‌ಬೆರಿ ಕಂಡಿತು. ಈ ದೇಶದಲ್ಲಿ ಕಾಡಿನ ಹಣ್ಣು ಯಾರು ಬೇಕಾದರೂ ಆಯಬಹುದು ಎಂದು ಮಗಳ ಬಾಯಿಂದ ಬಂದದ್ದೇ ತಡ, ನಾನು ಹಲಗೆಯ ಮೇಲೆ ಅಂಗಾತ ಅಲ್ಲ, ಬೋರಲು ಮಲಗಿ ಕೈಚಾಚಬೇಕೆಂದು ತೀರ್ಮಾನವಾಯಿತು. ಮಗಳು ನನ್ನ ಬೆಲ್ಟ್ ಹಿಡಿದಳು, ನನ್ನಾಕೆ ಮೇಲುಸ್ತುವಾರಿ ವಹಿಸಿಕೊಂಡಳು. ದಾರಿಹೋಕರು ಏನೂ ಆಗದವರಂತೆ ನನ್ನನ್ನು ದಾಟಿಕೊಂಡು ಹೋದರು. ಮೊದಲ ಹಣ್ಣಿಗೆ ನನ್ನ ಜೇಬಿನ ಉಪ್ಪು ಹಚ್ಚಿ ಬಾಯಿಗಿಟ್ಟುಕೊಂಡ ನನ್ನಾಕೆ ಒಂದು ಕಣ್ಣು ಮುಚ್ಚಿ, "ಅಮಟೆಕಾಯಿಯಷ್ಟು ಇಲ್ಲ, ಆದ್ರೆ ಗೊಜ್ಜಿಗೆ ಆಗ್ತದೆ" ಎಂದು ತೀರ್ಪಿತ್ತಳು.

ಆಯಿತು ಕೂಡ. ಅಳಿಯ ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡ. ಬೆಲ್ಲ ಇನ್ನೊಂದು ಚೂರು ಬೀಳಬೇಕಿತ್ತು.