ಗಟ್ಟಿಮೇಳಕ್ಕೆ ತಡೆದದ್ದೇ ಡಿಸೈನು

ಸಿನಿಮಾ ಹಿಟ್ಟೋ ತೋಪೋ ಅನ್ನುವುದು ಶುಕ್ರವಾರದ ಮೊದಲ ಆಟಕ್ಕೇ ಗೊತ್ತಾಗಿಬಿಡುತ್ತದಂತೆ. ಬ್ಲೌಸಿನ ಹೊಸ ಡಿಸೈನಿಗೆ ಅಷ್ಟು ಅವಸರವಿಲ್ಲ. ಅದರ ತೀರ್ಪು ಹೊರಬೀಳುವುದು ಮದುವೆ ಸೀಸನ್ನಿನಲ್ಲಿ, ಸಮುದಾಯ ಭವನದ ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಿಂದ. ಅಲ್ಲಿ ಕೂತವರಿಗೆ ಗಂಡು ಹೆಣ್ಣು ಕಾಣುವುದಿಲ್ಲ. ಫೋಟೋದವನು, ವಿಡಿಯೋದವನು, ಲೈಟು ಹಿಡಿದು ನಿಂತ ಹುಡುಗ, ಇವರ ನಡುವೆ ಎಲ್ಲಾದರೂ ಸಂದಿ ಸಿಕ್ಕರೆ ಪುರೋಹಿತರ ಕಿವಿ. ಚೆನ್ನಾಗಿ ಕಾಣುವುದು ಮುಂದಿನ ಎರಡು ಸಾಲಿನ ಹೆಂಗಸರ ಬೆನ್ನು ಮಾತ್ರ. ನೋಡಲು ಬೇರೇನೂ ಇಲ್ಲದಾಗ ಯಾರಾದರೂ ವಿಮರ್ಶಕರಾಗುತ್ತಾರೆ. ನಾನೂ ಆದೆ.

ಆದರೆ ಮೊದಲ ಹಂತದ ವಿಚಾರಣೆ ನಡೆಯುವುದು ನಮ್ಮ ಬೀದಿಯ ಟೈಲರಕ್ಕನ ಪಡಸಾಲೆಯಲ್ಲಿ. ನಮ್ಮೂರು ಬಿ.ದುರ್ಗ, ಹೊಳಲ್ಕೆರೆ ತಾಲ್ಲೂಕಿನ ಒಂದು ಹೋಬಳಿ. ರೈಲು ಬೇಕೆಂದರೆ ಚಿಕ್ಕಜಾಜೂರಿಗೆ ಹೋಗಬೇಕು, ಮದುವೆ ಜವಳಿ ಬೇಕೆಂದರೆ ದಾವಣಗೆರೆಗೆ ಹೋಗಬೇಕು. ಡಿಸೈನಿಗೆ ಮಾತ್ರ ಎಲ್ಲಿಗೂ ಹೋಗಬೇಕಿಲ್ಲ. ಹೈದರಾಬಾದಿನಲ್ಲಿ ಬೆಳಿಗ್ಗೆ ಯಾರೋ ತೊಟ್ಟ ತೋಳು ಸಂಜೆಯೊಳಗೆ ನಮ್ಮ ಅಡಿಕೆ ತೋಟದ ಬದುವಿನ ಮೇಲೆ ಕೂತವಳ ಮೊಬೈಲಿಗೆ ಬಂದಿರುತ್ತದೆ. ಅವಳು ಮರುದಿನವೇ ಟೈಲರಕ್ಕನ ಮುಂದೆ ಮೊಬೈಲು ಚಾಚುತ್ತಾಳೆ.

“ಯಕ್ಕಾ, ಸೇಮ್ ಇದೇ ಥರ ಬರ್ಬೇಕು ನೋಡು.”

ಟೈಲರಕ್ಕ ಕನ್ನಡಕ ಏರಿಸಿ, ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ, ಕುಗ್ಗಿಸಿ, ಕೊನೆಗೆ ಒಂದೇ ಮಾತು ಕೇಳುತ್ತಾಳೆ. “ಬಟ್ಟೆ ಎಷ್ಟೈತೆ?”

ಈ ಒಂದು ಪ್ರಶ್ನೆಗೆ ಅರ್ಧಕ್ಕರ್ಧ ಡಿಸೈನುಗಳು ಉದುರಿಬೀಳುತ್ತವೆ. ಸೀರೆಯ ಜೊತೆ ಬರುವ ಬ್ಲೌಸ್ ಪೀಸು ಸಾಮಾನ್ಯವಾಗಿ 80 ಸೆಂಟಿಮೀಟರು. ಮೊಬೈಲಿನ ಹುಡುಗಿ ತೊಟ್ಟ ಆ ಬುಗ್ಗೆ ತೋಳಿಗೆ, ನೆರಿಗೆಗೆ, ಮೊಣಕೈವರೆಗಿನ ಉದ್ದಕ್ಕೆ ಮೀಟರ್ ಮೇಲೆ ಬೇಕು. ಉಳಿದದ್ದನ್ನು ಎಲ್ಲಿಂದ ತರುವುದು? ಸೆರಗಿನಿಂದ ಕತ್ತರಿಸಲೇ ಅಂತ ಟೈಲರಕ್ಕ ಕೇಳಿದರೆ ಸೀರೆಯ ಒಡತಿ ಎದೆ ಹಿಡಿದುಕೊಳ್ಳುತ್ತಾಳೆ. ಎರಡನೇ ಪ್ರಶ್ನೆ ಇನ್ನೂ ಕಠಿಣ. “ಈ ಫೋಟೋದಾಗಿನ ಹುಡುಗಿ ಕೈ ಇಳಿಬಿಟ್ಕಂಡು ನಿಂತವ್ಳೆ. ನೀನು ಮದ್ವೆ ಮನ್ಯಾಗೆ ಹಂಗೇ ನಿಂತಿರ್ತೀಯೇನಮ್ಮಾ?”

ಪಫ್ ತೋಳಿನ ಬಗ್ಗೆ ನನಗೆ ವಿಶೇಷ ಗೌರವವಿದೆ, ಅದರ ಹಠಕ್ಕೆ. ನಮ್ಮ ಜಿಲ್ಲೆಯ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಮತ್ತೆ ಬಿದ್ದದ್ದು 2022ರಲ್ಲಿ. ಅಷ್ಟರೊಳಗೆ ಪಫ್ ತೋಳು ಅದೆಷ್ಟು ಸಲ ಉಬ್ಬಿ, ಇಳಿದು, ಮತ್ತೆ ಉಬ್ಬಿತೋ. ಅಜ್ಜಿಯ ಮದುವೆ ಫೋಟೋದಲ್ಲಿದೆ, ಮೊಮ್ಮಗಳ ನಿಶ್ಚಿತಾರ್ಥದಲ್ಲೂ ಇದೆ, ನಡುವಿನ ತಲೆಮಾರು ಅದನ್ನು ನೋಡಿ ನಕ್ಕಿದೆ. ಮಕ್ಕಳಿಗೆ ಅದು ಎಂದೆಂದಿಗೂ ಹಿಟ್ಟು. ದೊಡ್ಡವರಿಗೆ ಬಸ್ಸಿನ ಮೂರು ಜನರ ಸೀಟಿನಲ್ಲಿ ಕೂರುವವರೆಗೆ ಹಿಟ್ಟು. ಮೂವರೂ ಪಫ್ ತೊಟ್ಟಿದ್ದರೆ ಕಿಟಕಿ ಪಕ್ಕದವಳು ಬಸ್ಸಿನ ಹೊರಗಿರಬೇಕಾಗುತ್ತದೆ.

ಬೋಟ್ ನೆಕ್ಕಿನ ಕತೆ ಬೇರೆ. ಫೋಟೋದಲ್ಲಿ ಅದರಷ್ಟು ಲಕ್ಷಣವಾದದ್ದು ಇಲ್ಲ. ನಮ್ಮ ಕಡೆ ಅದು ತೋಪಾದದ್ದು ಅತ್ತೆಯರ ಮತದಿಂದ. ಅಡಿಕೆ ಮಾರಿದ ದುಡ್ಡಿನಲ್ಲಿ ಮಾಡಿಸಿದ ಅವಲಕ್ಕಿ ಸರ, ಮಾಂಗಲ್ಯ, ಎಲ್ಲ ಆ ಮುಚ್ಚಿದ ಕೊರಳಿನ ಒಳಗೆ ಹೋದವು. “ಬಂಗಾರ ಎಲ್ಲಿಟ್ಟು ಬಂದ್ಯೇ?” ಎಂದು ತುಂಬಿದ ಮಂಟಪದಲ್ಲಿ ಕೇಳಿಸಿಕೊಂಡ ಸೊಸೆ ಮತ್ತೆ ಆ ಕೊರಳಿನ ತಂಟೆಗೆ ಹೋಗುವುದಿಲ್ಲ. ಏಪ್ರಿಲ್ ತಿಂಗಳ ದುರ್ಗದ ಬಿಸಿಲಿಗೆ ಅದು ತಕ್ಕದ್ದೂ ಅಲ್ಲ.

ಇದಕ್ಕೆ ಎದುರು ದಿಕ್ಕಿನದು ಬೆನ್ನು ತೆರೆದ ಡಿಸೈನು. 1994ರಲ್ಲಿ ‘ಹಮ್ ಆಪ್ಕೆ ಹೈ ಕೌನ್’ ಬಂದಾಗ ಮಾಧುರಿ ದೀಕ್ಷಿತ್ ತೊಟ್ಟ ನೇರಳೆ ಸೀರೆಯ ಬ್ಲೌಸು ದೇಶದ ಟೈಲರುಗಳಿಗೆಲ್ಲ ಕೆಲಸ ಕೊಟ್ಟಿತು. ಆ ಬೆನ್ನಿನ ವಂಶದವೇ ಈಗಿನ ಪಾಟ್ ನೆಕ್ಕು, ದಾರ, ದಾರದ ತುದಿಗೆ ತೂಗುವ ಗೊಂಡೆ. ಗೊಂಡೆ ದೊಡ್ಡದಾದಷ್ಟೂ ಮನೆತನ ದೊಡ್ಡದು ಅನ್ನುವ ನಂಬಿಕೆ ಈಚೆಗೆ ಬಂದಿದೆ. ಅದರ ವೈರಿ ಯಾರೆಂದು ಮೂರನೇ ಸಾಲಿನವರಿಗೆ ಗೊತ್ತು: ಪ್ಲಾಸ್ಟಿಕ್ ಕುರ್ಚಿಯ ಬೆನ್ನಿನಲ್ಲಿರುವ ಸಂದಿ. ಗೊಂಡೆ ಆ ಸಂದಿಯಲ್ಲಿ ಇಳಿದು ಆಚೆ ಬದಿ ತೂಗುತ್ತಿರುತ್ತದೆ. ಊಟಕ್ಕೆ ಕರೆದರು ಅಂತ ಎದ್ದಾಗ ಅವಳ ಜೊತೆ ಕುರ್ಚಿಯೂ ಏಳುತ್ತದೆ. ನಾವು ಹಿಂದಿನ ಸಾಲಿನವರು ಬಿಡಿಸಿಕೊಡುತ್ತೇವೆ, ಅದು ನಮ್ಮ ಧರ್ಮ. ಬಿಡಿಸುವ ಮೊದಲು ಒಂದು ಗಳಿಗೆ ನೋಡುತ್ತೇವೆ, ಅದೂ ಧರ್ಮವೇ.

ಹಿಂದೆ ಹುಕ್ಕು ಹಾಕುವ ಬ್ಲೌಸಿನ ಬಗ್ಗೆ ಇಷ್ಟೇ ಹೇಳಬಹುದು, ಅದು ಅವಿಭಕ್ತ ಕುಟುಂಬದ ಡಿಸೈನು.

ಇನ್ನು ಆರಿ ವರ್ಕು. ಭೀಮಸಮುದ್ರದಲ್ಲಿ ಅಡಿಕೆ ರೇಟು ಹೇಗಿದೆ ಎಂದು ತಿಳಿಯಲು ನಾನು ಪೇಪರು ನೋಡುವುದಿಲ್ಲ, ತೋಳು ನೋಡುತ್ತೇನೆ. ರೇಟು ಇಳಿದ ವರ್ಷ ತೋಳಿನ ಅಂಚಿಗೆ ಒಂದು ಸಾಲು ಮಣಿ. ಏರಿದ ವರ್ಷ ನವಿಲು, ಆನೆ, ಅಂಬಾರಿ, ಕೆಲವು ಬೆನ್ನಿನ ಮೇಲೆ ಪಲ್ಲಕ್ಕಿಯಲ್ಲಿ ಕೂತ ವಧುವೂ ಸಹ. ಬಟ್ಟೆಗಿಂತ ಕೂಲಿ ಹೆಚ್ಚು, ಕೂಲಿಗಿಂತ ಭಾರ ಹೆಚ್ಚು. ಒಗೆಯುವ ಹಾಗಿಲ್ಲ, ಇಸ್ತ್ರಿ ಮಾಡುವ ಹಾಗಿಲ್ಲ, ಆಸೆಯಿಂದ ಬಂದ ಮಗುವನ್ನು ಹೆಗಲಿಗೆ ಹಾಕಿಕೊಂಡರೆ ಕೆನ್ನೆಯ ಮೇಲೆ ನವಿಲಿನ ಗುರುತು. ಅದಕ್ಕಿಂತ ನನ್ನ ತಕರಾರು ಇನ್ನೊಂದಿದೆ. ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆಗೆ 2011ರಲ್ಲೇ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿದೆ. ಅದರ ಅಂಚು, ಬುಟ್ಟ, ಸೆರಗು ನೇಕಾರರ ಮಗ್ಗದ ಮೇಲೆ ದಿನಗಟ್ಟಲೆ ಕೂತು ಬಂದವು. ಅಂಥ ಸೀರೆಯ ಪಕ್ಕದಲ್ಲಿ ಮಣಿಯ ಆನೆಯನ್ನು ನಿಲ್ಲಿಸಿದರೆ ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಮಾತಾಡಿದ ಹಾಗೆ. ಮೊಳಕಾಲ್ಮೂರಿಗೆ ಸಾದಾ ಬ್ಲೌಸು, ತೋಳಿಗೆ ಸೀರೆಯದೇ ಅಂಚು. ಈ ವಿಷಯದಲ್ಲಿ ನಾನು ಮೇಲ್ಮನವಿ ಸ್ವೀಕರಿಸುವುದಿಲ್ಲ.

ಡಿಸೈನು ಮೊಬೈಲಿಗೆ ಬರುವ ಮೊದಲು ಕಾಗದದ ಮೇಲೆ ಬರುತ್ತಿತ್ತು. ಅಮೆರಿಕದ ಎಬೆನೆಜರ್ ಬಟರಿಕ್ ಎಂಬ ದರ್ಜಿ 1863ರಲ್ಲಿ ಬೇರೆ ಬೇರೆ ಸೈಜಿಗೆ ಕತ್ತರಿಸಿದ ಕಾಗದದ ಪ್ಯಾಟರ್ನುಗಳನ್ನು ಮಾರಲು ಶುರುಮಾಡಿದ. ಅವನಿಂದಾಗಿ ಅಲ್ಲಿನ ಹೆಂಗಸರು ಮನೆಯಲ್ಲೇ ಕಾಗದ ಹಾಸಿ ಬಟ್ಟೆ ಕತ್ತರಿಸಿದರು. ನಮ್ಮಲ್ಲೂ ಕಾಗದ ಇದೆ, ಹಳೆಯ ದಿನಪತ್ರಿಕೆ. ಟೈಲರಕ್ಕನ ಹತ್ತಿರ ಕಲಿಯಲು ಬರುವ ಹುಡುಗಿಯರು ಮೊದಲು ಕತ್ತರಿ ಹಾಕುವುದು ಅದರ ಮೇಲೆ. ಮಂತ್ರಿಗಳ ಮುಖ ಎಡ ಟಕ್ಸಿಗೆ ಬರುತ್ತದೆ, ಶ್ರದ್ಧಾಂಜಲಿ ಕಂಕುಳಿಗೆ ಬರುತ್ತದೆ. ಆದರೆ ಕಾಗದವೂ ಬೇಡದ, ಸೈಜೂ ಬೇಡದ ಒಂದು ಪ್ಯಾಟರ್ನು ನಮ್ಮ ಅಜ್ಜಿಯರ ಹತ್ತಿರವಿತ್ತು. ಗಂಟಿನ ಕುಪ್ಪಸ. ಹುಕ್ಕಿಲ್ಲ, ಗುಂಡಿಯಿಲ್ಲ, ಎದೆಯ ಕೆಳಗೆ ಎರಡು ತುದಿ ಎಳೆದು ಗಂಟು ಹಾಕಿದರೆ ಮುಗಿಯಿತು. ಬಸುರಿಗೂ ಆಯಿತು, ಬಾಣಂತಿಗೂ ಆಯಿತು, ಸುಗ್ಗಿಯಲ್ಲಿ ತೆಳ್ಳಗಾದವಳಿಗೂ ಹಬ್ಬದಲ್ಲಿ ತುಂಬಿಕೊಂಡವಳಿಗೂ ಆಯಿತು. ಇಷ್ಟು ಕಾಲ ಓಡಿದ ಇನ್ನೊಂದು ಡಿಸೈನು ನನಗೆ ಗೊತ್ತಿಲ್ಲ. ಯಾವ ಮೊಬೈಲಿನಲ್ಲೂ ಅದು ಬರುತ್ತಿಲ್ಲ, ಬರುವವರೆಗೆ ಯಾರೂ ಹೊಲಿಸುವುದೂ ಇಲ್ಲ.

ಈಗ ಅಂತಿಮ ಪರೀಕ್ಷೆಗೆ ಬರೋಣ. ಮುಹೂರ್ತ ಬರುತ್ತದೆ, ಎಲ್ಲರ ಅಂಗೈಯಲ್ಲೂ ಅಕ್ಷತೆ. ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೂಗಿದ ತಕ್ಷಣ ಮಂಟಪದ ಹೆಂಗಸರೆಲ್ಲ ಒಟ್ಟಿಗೆ ಬಲಗೈ ಎತ್ತುತ್ತಾರೆ. ಮೂರನೇ ಸಾಲಿನವರ ಅಕ್ಷತೆ ವಧೂವರರ ತನಕ ಹೋಗಬೇಕಾದರೆ ಕೈ ಇನ್ನೂ ಹಿಂದಕ್ಕೆ ಹೋಗಬೇಕು. ಆಗ ಡೋಲಿನ ಸದ್ದಿನ ಅಡಿಯಲ್ಲಿ ಅಲ್ಲೊಂದು ಇಲ್ಲೊಂದು ‘ಚರ್ರ್’ ಕೇಳುತ್ತದೆ. ಓಲಗದವರು ಆ ಗಳಿಗೆಯಲ್ಲಿ ಅಷ್ಟು ಜೋರಾಗಿ ಏಕೆ ಬಾರಿಸುತ್ತಾರೆ ಎಂಬುದಕ್ಕೆ ಅಪಶಕುನದ ಮಾತು ಕಿವಿಗೆ ಬೀಳಬಾರದು ಅಂತ ಹಿರಿಯರು ಕಾರಣ ಹೇಳುತ್ತಾರೆ. ಕಂಕುಳ ಹೊಲಿಗೆಯ ಮಾತೂ ಬೀಳಬಾರದು ಅಂತ ನಾನು ಸೇರಿಸಿಕೊಂಡಿದ್ದೇನೆ. ಆಮೇಲೆ ನೋಡಿ, ಆ ತನಕ ಸೆರಗನ್ನು ಸಣ್ಣ ನೆರಿಗೆ ಹಿಡಿದು ಪಿನ್ನು ಚುಚ್ಚಿಕೊಂಡಿದ್ದವರು ಇದ್ದಕ್ಕಿದ್ದಂತೆ ಸೆರಗು ಹೊದ್ದು ಸಂಪ್ರದಾಯಸ್ಥರಾಗುತ್ತಾರೆ. ಕೈ ಎತ್ತಿಯೂ ಸೆರಗು ಬಿಟ್ಟುಕೊಂಡೇ ಇದ್ದವಳ ಬ್ಲೌಸು ಹಿಟ್ಟು.

ಇಂಥ ಹಿಟ್ಟುಗಳ ಹೊಲಿಗೆ ಹೆಚ್ಚಾಗಿ ಊರಿನದೇ ಯಾಕೆ ಎಂದು ಯೋಚಿಸಿದ್ದೇನೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ನಮ್ಮ ಕಡೆ ಓಡುವುದು ಖಾಸಗಿ ಬಸ್ಸೇ ಜಾಸ್ತಿ. ಆದರೂ ಕೆಂಪು ಬಸ್ಸಿಗೆ ಕಾದು, ರಾಡು ಹಿಡಿದು ನಿಂತು, ಬ್ಲೌಸ್ ಪೀಸನ್ನು ದಾವಣಗೆರೆಯ ಬೊಟೀಕಿಗೆ ಒಯ್ಯುವವರು ಹೆಚ್ಚಾದರು. ಅಲ್ಲಿ ಅಳತೆ ತೆಗೆಯುವವರು ಒಬ್ಬರು, ಕತ್ತರಿಸುವವರು ಒಬ್ಬರು, ಹೊಲಿಯುವವರು ಇನ್ನೊಬ್ಬರು. ಬೈಸಿಕೊಳ್ಳುವವರು ಯಾರೂ ಇಲ್ಲ. ಬ್ಲೌಸು ಗಾಜಿನ ಗೊಂಬೆಗೆ ತೊಡಿಸಿದಷ್ಟು ಚೊಕ್ಕವಾಗಿ ಬರುತ್ತದೆ. ಮರುವರ್ಷ ಬಿಗಿಯಾದಾಗ ಟೈಲರಕ್ಕ ಒಳಬದಿ ಮಗುಚಿ ನೋಡುತ್ತಾಳೆ. “ಬಿಚ್ಚಾಕೆ ಒಳಗೆ ಏನೂ ಬಿಟ್ಟಿಲ್ಲ ಕಣಮ್ಮಾ.” ಅವಳು ಹೊಲಿದದ್ದರಲ್ಲಿ ಪಕ್ಕಕ್ಕೆ ಮೂರು ಸಾಲು ಹೊಲಿಗೆ ಇರುತ್ತದೆ, ಒಂದು ಈ ವರ್ಷಕ್ಕೆ, ಒಂದು ಬರುವ ವರ್ಷಕ್ಕೆ, ಒಂದು ದೇವರ ಇಚ್ಛೆಗೆ. ಮೊಬೈಲಿನ ಯಾವ ಫೋಟೋದಲ್ಲೂ ಬ್ಲೌಸಿನ ಒಳಬದಿ ತೋರಿಸುವುದಿಲ್ಲ, ನಾವೂ ಕೇಳುವುದಿಲ್ಲ.

ಆದ್ದರಿಂದ ಈ ಸೀಸನ್ನಿಗೆ ಹೊಲಿಯಲು ಕೊಡುವವರು ಕೊರಳು, ತೋಳು, ಗೊಂಡೆ ನಿಮ್ಮಿಷ್ಟದಂತೆ ಆರಿಸಿಕೊಳ್ಳಿ. ಪಕ್ಕದ ಹೊಲಿಗೆಗೆ ಒಂದೂವರೆ ಇಂಚು ಒಳಗೆ ಬಿಡಲು ಹೇಳಿ. ಟ್ರಯಲ್ ನೋಡುವಾಗ ಕನ್ನಡಿ ಮುಂದೆ ಸುಮ್ಮನೆ ನಿಲ್ಲದೆ ಅಕ್ಷತೆ ಹಾಕುವವರಂತೆ ಒಮ್ಮೆ ಕೈ ಎತ್ತಿ. ಮದುವೆಯ ಹಿಂದಿನ ರಾತ್ರಿ ಹೋಗಿ ಟೈಲರಕ್ಕನ ಬಾಗಿಲು ಬಡಿದು ‘ಅರ್ಜೆಂಟು’ ಅನ್ನಬೇಡಿ, ಆ ಮದುವೆಗೆ ಅವಳೂ ಬರಬೇಕು.